ಹಿಮ, ಮರಳು ಮತ್ತು ಎರಡು ಗಾಲಿಗಳ ಕಾರು

ರಸ್ತೆಯಿಲ್ಲದ ನೆಲದ ಮೇಲೂ ಹಿಮ ಮುಸುಕಿದ ರಸ್ತೆಯ ಮೇಲೂ ಸಂಚರಿಸಬೇಕೆಂಬ ಬಯಕೆಯಿಂದ ಕಾರನ್ನು ಕೊಳ್ಳಹೊರಟವನು ಮೊಟ್ಟಮೊದಲು ಕೇಳುವ, ಮತ್ತು ಬಹುಮಟ್ಟಿಗೆ ಅದೊಂದನ್ನೇ ಕೇಳಿ ತೃಪ್ತನಾಗುವ ಪ್ರಶ್ನೆಯೆಂದರೆ, ಎಂಜಿನ್ನಿನ ಶಕ್ತಿ ನಾಲ್ಕು ಗಾಲಿಗಳಿಗೂ ಹೋಗುತ್ತದೆಯೋ ಅಥವಾ ಎರಡಕ್ಕೆ ಮಾತ್ರವೋ ಎಂಬುದು. ನಾಲ್ಕಕ್ಕೂ ಹೋಗುವುದಾದರೆ ವಾಹನ ಎಲ್ಲಿಗಾದರೂ ಹೋಗಬಲ್ಲದೆಂದೂ, ಎರಡಕ್ಕೇ ಆದರೆ ಡಾಂಬರು ಮುಗಿದಲ್ಲಿಗೆ ಅದರ ಸಾಮರ್ಥ್ಯವೂ ಮುಗಿಯಿತೆಂದೂ ಜನ ನಂಬಿದ್ದಾರೆ. ಈ ನಂಬಿಕೆಯಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಚಾಲಕ ಗಾಲಿಗಳ ಸಂಖ್ಯೆ ಈ ವಿಚಾರದ ಒಂದು ಅಂಗ ಮಾತ್ರ. ಆ ಗಾಲಿಗಳ ಮೇಲೆ ಎಷ್ಟು ಭಾರ ಕುಳಿತಿದೆ, ಅವುಗಳಿಗೆ ತೊಡಿಸಿದ ರಬ್ಬರು ಎಂಥದು, ಕೆಳಗಿರುವ ನೆಲದ ಗುಣವೇನು ಎಂಬ ಮೂರು ಸಂಗತಿಗಳನ್ನು ಬಿಟ್ಟು ಸಂಖ್ಯೆಯೊಂದನ್ನೇ ಹಿಡಿದವನು ಅಧಿಕ ಹಣವನ್ನು ತೆತ್ತೂ ಹಳ್ಳದಲ್ಲಿ ಸಿಕ್ಕಿಕೊಳ್ಳುವುದುಂಟು. ಈ ಮೂರನ್ನೂ ಚೆನ್ನಾಗಿ ಅರಿತವನು ಎರಡೇ ಗಾಲಿಗಳ ಚಾಲನೆಯಿಂದ ಸಹಾರಾ ಮರುಭೂಮಿಯನ್ನೂ ಅಂಟಾರ್ಕ್ಟಿಕದ ಹಿಮವನ್ನೂ ಸಂಚರಿಸಿದುದುಂಟು.

ಗಾಲಿಯು ನೆಲವನ್ನು ಹಿಂದಕ್ಕೆ ತಳ್ಳುವುದರಿಂದಲೇ ಕಾರು ಮುಂದಕ್ಕೆ ಚಲಿಸುವುದಷ್ಟೆ. ಎಂಜಿನ್ನು ಎಷ್ಟು ಬಲವನ್ನಾದರೂ ಒದಗಿಸಲಿ, ನೆಲ ಸ್ವೀಕರಿಸುವುದು ಘರ್ಷಣೆ ಅನುಮತಿಸಿದಷ್ಟನ್ನು ಮಾತ್ರ. ಮಿಕ್ಕದ್ದು ಗಾಲಿಯನ್ನು ನಿಂತಲ್ಲೇ ಸುತ್ತಿಸುವುದರಲ್ಲಿ ವ್ಯರ್ಥವಾಗುತ್ತದೆ. ಘರ್ಷಣೆಯ ಬಲ ಒತ್ತುವ ಭಾರಕ್ಕೆ ಅನುಪಾತದಲ್ಲಿರುತ್ತದೆಂಬ ನಿಯಮವನ್ನು ಫ್ರಾನ್ಸಿನ ಗಿಯೋಮ್ ಅಮೊಂತೋನ್ 1699ರಲ್ಲಿಯೇ ವಿದ್ವತ್ಸಭೆಯ ಮುಂದಿಟ್ಟನು. ರಬ್ಬರಿನ ವಿಷಯದಲ್ಲಿ ಈ ನಿಯಮ ಸ್ಥೂಲವಾಗಿ ಮಾತ್ರ ನಿಜವಾದರೂ ನಮ್ಮ ವಿವೇಚನೆಗೆ ಅಷ್ಟು ಸಾಕು. ಒಣಗಿದ ಡಾಂಬರಿನ ಮೇಲೆ ಒಳ್ಳೆಯ ಟೈರಿನ ಘರ್ಷಣಾಂಕ 0.8ರ ಆಸುಪಾಸಿನಲ್ಲಿರುತ್ತದೆ, ವಾಹನಗಳು ಓಡಾಡಿ ಗಟ್ಟಿಯಾದ ಹಿಮದ ಮೇಲೆ ಅದು 0.2ಕ್ಕೋ 0.3ಕ್ಕೋ ಇಳಿಯುತ್ತದೆ, ಕರಗುವ ಹಂತದಲ್ಲಿರುವ ಒದ್ದೆ ಮಂಜುಗಡ್ಡೆಯ ಮೇಲಾದರೋ 0.1ಕ್ಕೂ ಕೆಳಗೆ ಬೀಳಬಹುದು. ಅಂದರೆ ಒಂದೇ ಕಾರು, ಒಂದೇ ಚಾಲಕ, ಒಂದೇ ಎಂಜಿನ್ನು ಇದ್ದರೂ ನೆಲವೊಂದು ಬದಲಾದ ಮಾತ್ರಕ್ಕೆ ವಾಹನದ ಸಾಮರ್ಥ್ಯ ಎಂಟರಲ್ಲಿ ಒಂದು ಪಾಲಿಗೆ ಕುಗ್ಗುವ ಸಂಭವವಿದೆ.

ಇದನ್ನು ಲೆಕ್ಕದ ಮೂಲಕ ನೋಡುವುದು ಮೇಲು. ಒಂದು ಸಾವಿರ ಕಿಲೋಗ್ರಾಂ ತೂಗುವ ಕಾರು, ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಎರಡೂವರೆ ಮೀಟರು ಅಂತರ, ಗುರುತ್ವಕೇಂದ್ರ ನೆಲದಿಂದ 55 ಸೆಂಟಿಮೀಟರು ಎತ್ತರದಲ್ಲಿದೆ ಎಂದು ಭಾವಿಸೋಣ. ರಸ್ತೆ ಗಟ್ಟಿ ಹಿಮದ್ದು, ಘರ್ಷಣಾಂಕ 0.25. ಎಂಜಿನ್ನನ್ನು ಮುಂದಿಟ್ಟು ಮುಂದಿನ ಗಾಲಿಗಳನ್ನೇ ನಡೆಸುವ ಕಾರಿನಲ್ಲಿ ಭಾರದ ನೂರರಲ್ಲಿ ಸುಮಾರು 60 ಪಾಲು ಮುಂದಿನ ಅಚ್ಚಿನ ಮೇಲಿರುತ್ತದೆ. ಏರುದಾರಿಯಲ್ಲಿ ಆ ಭಾರದ ಒಂದಂಶ ಹಿಂದಕ್ಕೆ ಸರಿಯುವುದರಿಂದ, ಈ ಕಾರು ಹತ್ತಬಲ್ಲ ಗರಿಷ್ಠ ಏರು 100 ಮೀಟರಿಗೆ 14 ಮೀಟರು. ಎಂಜಿನ್ನು ಮುಂದೆಯೇ ಇದ್ದು ಹಿಂದಿನ ಗಾಲಿಗಳು ನಡೆಯುವ, ಅಂಬಾಸಡರ್ ಕಾರಿನ ತರಹದ ಹಳೆಯ ಕ್ರಮದಲ್ಲಿ, ಚಾಲಕನೊಬ್ಬನೇ ಕುಳಿತಿರುವಾಗ ಹಿಂದಿನ ಅಚ್ಚಿಗೆ 45 ಪಾಲು ಭಾರ ದೊರೆಯುವುದಾದರೆ, ಅದರ ಮಿತಿ 100ಕ್ಕೆ 12. ಎಂಜಿನ್ನು ಹಿಂದೆಯೇ ಇದ್ದು ಹಿಂದಿನ ಗಾಲಿಗಳನ್ನೇ ನಡೆಸುವ, 60 ಪಾಲು ಭಾರವನ್ನು ಹಿಂದೆ ಹೊತ್ತ ಕಾರಿನಲ್ಲಿ, ಏರಿನ ದೆಸೆಯಿಂದ ಹಿಂದಕ್ಕೆ ಸರಿಯುವ ಭಾರವೂ ಚಾಲಕ ಗಾಲಿಗಳ ಮೇಲೆಯೇ ಬೀಳುವುದರಿಂದ ಮಿತಿ 16ಕ್ಕೆ ಹತ್ತಿರವಾಗುತ್ತದೆ. ನಾಲ್ಕೂ ಗಾಲಿಗಳು ನಡೆದರೆ 25. ನಾಲ್ಕು ಗಾಲಿಗಳ ಚಾಲನೆಯ ಶ್ರೇಷ್ಠತೆ ಇಲ್ಲಿ ನಿರ್ವಿವಾದ. ಆದರೆ ಎರಡು ಗಾಲಿಗಳ ಕಾರುಗಳೆಲ್ಲ ಒಂದೇ ಜಾತಿಯವಲ್ಲವೆಂಬುದೂ, ಅವುಗಳಲ್ಲಿ ಆರಿಸಿಕೊಳ್ಳುವವನಿಗೆ ಆಯ್ಕೆಯ ಅವಕಾಶ ಸಾಕಷ್ಟಿದೆಯೆಂಬುದೂ ಇಷ್ಟರಿಂದಲೇ ತಿಳಿಯುತ್ತದೆ.

ಇದೇ ಲೆಕ್ಕವನ್ನು ಒಣ ಡಾಂಬರಿಗೆ ಅನ್ವಯಿಸಿದರೆ ಒಂದು ವಿಚಿತ್ರವನ್ನು ಕಾಣುತ್ತೇವೆ. ಘರ್ಷಣಾಂಕ 0.8 ಆದಾಗ ಮುಂಗಾಲಿಯ ಕಾರಿನ ಮಿತಿ 100ಕ್ಕೆ 41ರಷ್ಟಿದ್ದರೆ, ಹಳೆಯ ಕ್ರಮದ ಹಿಂಗಾಲಿಯ ಕಾರಿನ ಮಿತಿ 44ರವರೆಗೆ ಹೋಗುತ್ತದೆ. ಹಿಮದಲ್ಲಿ ಹಿಂದೆ ಬಿದ್ದ ವಾಹನ ಒಣನೆಲದಲ್ಲಿ ಮುಂದಾಯಿತು! ಕಾರಣವಿಷ್ಟೆ: ಹಿಡಿತ ಹೆಚ್ಚಿದಂತೆ ಕಡಿದಾದ ಏರನ್ನು ಹತ್ತುವುದೂ ವೇಗವಾಗಿ ಮುನ್ನುಗ್ಗುವುದೂ ಸಾಧ್ಯವಾಗಿ, ಭಾರ ಹೇರಳವಾಗಿ ಹಿಂದಕ್ಕೆ ಸರಿಯುತ್ತದೆ, ಜಾರುವ ನೆಲದಲ್ಲಾದರೋ ಆ ಸರಿದಾಟಕ್ಕೆ ಅವಕಾಶವೇ ಅಲ್ಪವಾದುದರಿಂದ, ನಿಂತ ಕಾರಿನಲ್ಲಿ ಭಾರ ಎಲ್ಲಿತ್ತೋ ಬಹುಮಟ್ಟಿಗೆ ಅಲ್ಲಿಯೇ ಉಳಿಯುತ್ತದೆ. ಆದುದರಿಂದ ಓಟದ ಪಂದ್ಯದ ಕಾರನ್ನು ಹಿಂಗಾಲಿಯದಾಗಿ ಮಾಡುವವರೂ, ಹಿಮದೂರಿನ ಗೃಹಸ್ಥನಿಗೆ ಮುಂಗಾಲಿಯ ಕಾರನ್ನು ಸೂಚಿಸುವವರೂ ಪರಸ್ಪರ ವಿರೋಧಿಗಳಲ್ಲ. ಇಬ್ಬರೂ ಒಂದೇ ಸೂತ್ರವನ್ನು ಎರಡು ಬಗೆಯ ನೆಲಗಳಿಗೆ ಅನ್ವಯಿಸುತ್ತಿದ್ದಾರೆ.

ಸಾಮಾನನ್ನು ಎಲ್ಲಿಡಬೇಕೆಂಬ ವಿಚಾರವನ್ನೂ ಇಲ್ಲಿಯೇ ಮುಗಿಸಬಹುದು. ಹಿಂಗಾಲಿಯ ಹಳೆಯ ಕಾರಿನ ಹಿಂದಿನ ಅಚ್ಚಿನ ಮೇಲೆ ನೂರು ಕಿಲೋ ಮರಳಿನ ಚೀಲವಿಟ್ಟರೆ ಅದರ ಏರುವ ಶಕ್ತಿ 100ಕ್ಕೆ 12ರಿಂದ 13ರ ಮೇಲಕ್ಕೆ ಹೋಗುತ್ತದೆ; ಹಿಮದ ದೇಶಗಳಲ್ಲಿ ಪಿಕಪ್ ಲಾರಿಗಳ ಒಡೆಯರು ಚಳಿಗಾಲವಿಡೀ ಮರಳುಚೀಲ ಹೊತ್ತು ತಿರುಗುವುದು ಇದಕ್ಕಾಗಿಯೇ. ಮುಂಗಾಲಿಯ ಕಾರಿನಲ್ಲಿ ಇದೇ ಕೆಲಸ ಅನರ್ಥಕಾರಿ. ಹಿಂದಿನ ಅಚ್ಚಿನ ಆಚೆಗೆ ಚಾಚಿದ ಡಿಕ್ಕಿಯಲ್ಲಿ ತುಂಬಿದ ಭಾರ ಮುಂದಿನ ಗಾಲಿಗಳನ್ನು ಕೊಂಚ ಮೇಲಕ್ಕೆತ್ತುತ್ತದೆ. ಮಾಡಿನ ಮೇಲೆ ಕ್ಯಾರಿಯರ್ ಕಟ್ಟಿ ಹೇರಿದ ಸಾಮಾನು ಗುರುತ್ವಕೇಂದ್ರವನ್ನು ಏರಿಸಿ, ಏರುದಾರಿಯಲ್ಲಿ ಇನ್ನಷ್ಟು ಭಾರವನ್ನು ಹಿಂದಕ್ಕೆ ನೂಕುತ್ತದೆ. ಬೆಂಗಳೂರಿನಿಂದ ಮನಾಲಿಯವರೆಗೆ ಸಂಸಾರಸಮೇತ ಸಣ್ಣ ಕಾರಿನಲ್ಲಿ ಹೋಗುವ ಉತ್ಸಾಹಿಗಳು ಹಿಮ ಬಿದ್ದ ಘಟ್ಟದಲ್ಲಿ ಗಾಲಿ ಸುತ್ತುತ್ತ ನಿಂತಾಗ, ಎಂಜಿನ್ನನ್ನು ಶಪಿಸುವ ಮೊದಲು ಡಿಕ್ಕಿಯನ್ನು ತೆರೆದು ಭಾರವಾದ ಪೆಟ್ಟಿಗೆಗಳನ್ನು ಮುಂದಿನ ಆಸನದ ಬುಡಕ್ಕೆ ತರುವುದು ವಿಹಿತ.

ಮುಂಗಾಲಿಯ ಚಾಲನೆ ಹಿಮಕ್ಕೆ ಒಗ್ಗುತ್ತದೆಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಸ್ವೀಡನ್ನಿನ ಸಾಬ್ ಸಂಸ್ಥೆಯವರು ಪ್ರಮುಖರು. ವಿಮಾನಗಳನ್ನು ಕಟ್ಟುತ್ತಿದ್ದ ಈ ಸಂಸ್ಥೆ 1949ರ ಡಿಸೆಂಬರಿನಲ್ಲಿ ಸಾಬ್ 92 ಎಂಬ ಕಾರಿನ ತಯಾರಿಕೆಯನ್ನು ಆರಂಭಿಸಿತು. ಅದರ ಎಂಜಿನ್ನು 764 ಸಿ.ಸಿ.ಯ, 25 ಅಶ್ವಶಕ್ತಿಯ, ಎರಡೇ ಸಿಲಿಂಡರಿನ ಸಾಧಾರಣ ಯಂತ್ರ. ಆದರೆ ಅದನ್ನು ಮುಂದಿನ ಗಾಲಿಗಳ ಮುಂಭಾಗದಲ್ಲಿಯೇ ಕೂರಿಸಿ, ಹೊಟ್ಟೆಯ ತಳವನ್ನು ಚಪ್ಪಟೆಯಾಗಿ ಮುಚ್ಚಿದ್ದುದರಿಂದ ಆ ಪುಟ್ಟ ವಾಹನ ಉತ್ತರದೇಶದ ದೀರ್ಘ ಚಳಿಗಾಲಕ್ಕೆ ಹೇಳಿ ಮಾಡಿಸಿದಂತಿತ್ತು. ಅದರ ಸಂತತಿಯಾದ ಸಾಬ್ 96ನ್ನು ನಡೆಸಿ ಎರಿಕ್ ಕಾರ್ಲ್‌ಸನ್ 1962 ಮತ್ತು 1963ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಗೆದ್ದನು. ಮುಂದಿನ ವರ್ಷಗಳಲ್ಲಿ, ಅದೇ ಆಲ್ಪ್ಸ್ ಪರ್ವತದ ಹಿಮದ ದಾರಿಗಳಲ್ಲಿ, ಇಂಗ್ಲೆಂಡಿನ ಮಿನಿ ಕಾರು 1964, 1965 ಮತ್ತು 1967ರ ಜಯಗಳನ್ನು ಪಡೆಯಿತು. ತನಗಿಂತ ಹಲವು ಪಟ್ಟು ಬಲಿಷ್ಠವಾದ ಕಾರುಗಳನ್ನು ಹಿಂದಿಕ್ಕಿದ ಈ ಎರಡೂ ವಾಹನಗಳು ಮುಂಗಾಲಿಯವೇ, ಹಗುರವಾದವೇ, ಮತ್ತು ಸಪುರ ಟೈರುಗಳವೇ ಆಗಿದ್ದುದನ್ನು ಕೇವಲ ಆಕಸ್ಮಿಕವೆಂದು ನಾನು ಎಣಿಸಲಾರೆ.

ಹಿಂದೆ ಎಂಜಿನ್ನುಳ್ಳ ಕಾರುಗಳ ಕೀರ್ತಿಯೂ ಕಡಮೆಯದಲ್ಲ. ಆಸ್ಟ್ರೇಲಿಯದ ಸಂಶೋಧಕರು 1963ರಲ್ಲಿ ಅಂಟಾರ್ಕ್ಟಿಕದ ಮಾಸನ್ ನೆಲೆಯಲ್ಲಿ ಬಳಸಿದ್ದು ಒಂದು ಕೆಂಪು ಫೋಕ್ಸ್‌ವ್ಯಾಗನ್ ಬೀಟಲ್. ಅಂಗಡಿಯಲ್ಲಿ ದೊರೆಯುವ ಕಾರಿಗಿಂತ ಅದು ಹೆಚ್ಚು ಭಿನ್ನವಾಗಿರಲಿಲ್ಲ. ಹಿಮದಲ್ಲಿ ಹಿಂದಿನ ಗಾಲಿಗಳಿಗೆ ಸರಪಳಿ ತೊಡಿಸುತ್ತಿದ್ದರು. ಅಲ್ಲಿ ಅದಕ್ಕೆ ನೆರವಾದ ಗುಣಗಳು ಎರಡು: ಗಾಳಿಯಿಂದಲೇ ತಣಿಯುವ ಎಂಜಿನ್ನಿನಲ್ಲಿ ಹೆಪ್ಪುಗಟ್ಟಲು ನೀರೇ ಇರಲಿಲ್ಲ, ಆ ಎಂಜಿನ್ನು ಹಿಂದಿನ ಅಚ್ಚಿನ ಆಚೆ ಕುಳಿತು ತನ್ನ ಭಾರವನ್ನೆಲ್ಲ ಚಾಲಕ ಗಾಲಿಗಳ ಮೇಲೆ ಒತ್ತುತ್ತಿತ್ತು. ಆದರೂ ಸಾಮಾನ್ಯ ಚಾಲಕನಿಗೆ ಹಿಮದ ಮೇಲೆ ಹಿಂಗಾಲಿಯ ಕಾರನ್ನು ನಾನು ಸೂಚಿಸಲಾರೆ. ಟೈರಿನ ಹಿಡಿತ ಒಂದು ಸೀಮಿತ ಐಶ್ವರ್ಯ. ತಳ್ಳುವುದಕ್ಕೆ ಅದರಲ್ಲಿ ಹೆಚ್ಚು ಪಾಲನ್ನು ವ್ಯಯಿಸಿದರೆ ಪಕ್ಕಕ್ಕೆ ಜಾರದಂತೆ ಹಿಡಿಯುವುದಕ್ಕೆ ಉಳಿಯುವ ಪಾಲು ಕಡಮೆಯಾಗುತ್ತದೆ. ಮುಂಗಾಲಿಯ ಕಾರಿನಲ್ಲಿ ಮಿತಿ ಮೀರಿದಾಗ ಮೂತಿ ನೇರಕ್ಕೆ ಹೋಗಿ ತಿರುವು ಅಗಲವಾಗುತ್ತದೆ, ಆಗ ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ಹಿಂತೆಗೆದರೆ ಬಹುಶಃ ಹಿಡಿತ ಮರಳುತ್ತದೆ. ಹಿಂಗಾಲಿಯದರಲ್ಲಿ ಬಾಲವೇ ಪಕ್ಕಕ್ಕೆ ಸರಿದು ಕಾರು ಸುತ್ತತೊಡಗುತ್ತದೆ, ಅದನ್ನು ಸರಿಪಡಿಸಲು ಅಭ್ಯಾಸದಿಂದ ಮಾತ್ರ ಬರುವ ಕೌಶಲ ಬೇಕು.

ಇಷ್ಟು ಹೊತ್ತು ಏರುವ, ಮುನ್ನುಗ್ಗುವ ಮಾತನ್ನಾಡಿದೆವು. ನಿಲ್ಲುವುದರ ಮಾತೇನು? ಬ್ರೇಕು ಎಲ್ಲ ಕಾರುಗಳಲ್ಲಿಯೂ ನಾಲ್ಕು ಗಾಲಿಗಳ ಮೇಲೆಯೇ ಕೆಲಸ ಮಾಡುತ್ತದೆ; ಚಾಲನೆ ಎರಡು ಗಾಲಿಗಳದಾಗಲಿ ನಾಲ್ಕರದಾಗಲಿ, ನಿಲ್ಲಿಸುವ ವಿಷಯದಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಿಂಚಿತ್ತೂ ಅನುಕೂಲವಿಲ್ಲ. ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಹೋಗುತ್ತಿರುವ ಕಾರು, ಘರ್ಷಣಾಂಕ 0.3 ಇರುವಲ್ಲಿ ಬ್ರೇಕು ಹಿಡಿದ ಕ್ಷಣದಿಂದ 33 ಮೀಟರಿನೊಳಗೆ ನಿಂತರೆ, 0.15 ಇರುವಲ್ಲಿ 66 ಮೀಟರು ಹೋಗುತ್ತದೆ. ಈ ಅಂತರವನ್ನು ನಿರ್ಧರಿಸುವುದು ಟೈರು. ಹೀಗಿರಲಾಗಿ, ನಾಲ್ಕು ಗಾಲಿಗಳ ಚಾಲನೆ ಸಾಧಾರಣ ಟೈರಿನ ಮೇಲೆ ಚಾಲಕನಿಗೆ ನೀಡುವ ಧೈರ್ಯ ಅಪಾಯಕಾರಿಯೆಂದೇ ಹೇಳಬೇಕು. ಹತ್ತುವಾಗ ಅದು ನೆಲದ ಜಾರುವಿಕೆಯನ್ನು ಮರೆಮಾಡುತ್ತದೆ, ಇಳಿಯುವಾಗ ಆ ಮರೆ ಒಮ್ಮೆಲೇ ಕಳಚುತ್ತದೆ.

ಮಂಜುಗಡ್ಡೆ ಏಕೆ ಜಾರುತ್ತದೆಂಬ ಪ್ರಶ್ನೆ ಕೇಳಲು ಸರಳ, ಉತ್ತರಿಸಲು ಕಠಿಣ. ಘನೀಭವಿಸುವ ಬಿಂದುವಿನ ಕೆಳಗೂ ಅದರ ಮೇಲ್ಮೈಯಲ್ಲಿ ದ್ರವದಂತಹ ತೆಳುಪೊರೆಯೊಂದಿರುತ್ತದೆಂದು ಮೈಕೆಲ್ ಫ್ಯಾರಡೆ 1850ರಲ್ಲಿ ಊಹಿಸಿದನು. ಉಜ್ಜುವಾಗ ಹುಟ್ಟುವ ಶಾಖವೇ ಜಾರುವ ನೀರಿನ ಪೊರೆಯನ್ನು ಉಂಟುಮಾಡುತ್ತದೆಂದು 1939ರಲ್ಲಿ ಬೌಡನ್ ಮತ್ತು ಹ್ಯೂಸ್ ತೋರಿಸಿದರು. ಎರಡರಲ್ಲಿಯೂ ಸತ್ಯವಿದೆಯೆಂಬುದು ಇಂದಿನ ತಿಳಿವಳಿಕೆ. ಚಾಲಕನಿಗೆ ಇದರಿಂದ ತಿಳಿಯಬೇಕಾದದ್ದು, ಸೊನ್ನೆ ಡಿಗ್ರಿಯ ಆಸುಪಾಸಿನ, ಮಿನುಗುವ ಮಂಜುಗಡ್ಡೆ ಮೈನಸ್ 20 ಡಿಗ್ರಿಯ ಮಂಜುಗಡ್ಡೆಗಿಂತ ಬಹಳ ಹೆಚ್ಚು ಜಾರುತ್ತದೆಂಬುದು. ಕಡುಚಳಿಯ ದಿನಕ್ಕಿಂತ ಚಳಿ ಮುರಿದ ದಿನ ಹೆಚ್ಚು ಅಪಾಯಕರ. ಹಿಮದ ರೀತಿಯೇ ಬೇರೆ. ಅದು ಗಾಳಿ ತುಂಬಿದ ಹರಳುಗಳ ರಾಶಿಯಾದುದರಿಂದ ಒತ್ತಿದರೆ ಗಟ್ಟಿಯಾಗುತ್ತದೆ. ಟೈರಿನ ಗೀರುಗಳೊಳಗೆ ತುಂಬಿಕೊಂಡ ಹಿಮ ನೆಲದ ಹಿಮಕ್ಕೆ ಅಂಟಿಕೊಂಡು, ಆ ಗಟ್ಟಿಮುದ್ದೆಯನ್ನು ಕತ್ತರಿಸದೆ ಗಾಲಿ ಜಾರಲಾರದೆಂಬ ಸ್ಥಿತಿ ಉಂಟಾಗುತ್ತದೆ. ಆದುದರಿಂದ ಹಿಮದ ಟೈರು ಹಿಮವನ್ನು ಕೊಡವಿಹಾಕದೆ ಹಿಡಿದಿಟ್ಟುಕೊಳ್ಳಬೇಕು. ಕೆಸರಿನ ಟೈರಿಗೆ ಬೇಕಾದುದು ಇದಕ್ಕೆ ತದ್ವಿರುದ್ಧ ಗುಣವೆಂಬುದನ್ನು ಮುಂದೆ ನೋಡಲಿದ್ದೇವೆ.

ಹಿಮದ ಟೈರನ್ನು ಮೊದಲು ತಯಾರಿಸಿದವರು ಫಿನ್‌ಲೆಂಡಿನವರು. ಇಂದು ನೋಕಿಯನ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಕಾರ್ಖಾನೆ 1934ರಲ್ಲಿ ಲಾರಿಗಳಿಗಾಗಿ ಚಳಿಗಾಲದ ಟೈರನ್ನೂ, 1936ರಲ್ಲಿ ಕಾರುಗಳಿಗಾಗಿ ಹಕ್ಕಪೆಲಿಟ್ಟ ಎಂಬುದನ್ನೂ ಹೊರತಂದಿತು. ಚಳಿಗಾಲದ ಟೈರಿನ ಮಹತ್ವ ಗೀರುಗಳಲ್ಲಿ ಮಾತ್ರವಲ್ಲ, ರಬ್ಬರಿನ ಸಂಯೋಜನೆಯಲ್ಲಿಯೂ ಇದೆ. ಬೇಸಗೆಯ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಬಿರುಸಾಗತೊಡಗಿ ನೆಲದ ಸೂಕ್ಷ್ಮ ಉಬ್ಬುತಗ್ಗುಗಳಿಗೆ ಹೊಂದಿಕೊಳ್ಳಲಾರದೆ ಹೋಗುತ್ತದೆ. ಚಳಿಗಾಲದ್ದು ಮೃದುವಾಗಿಯೇ ಉಳಿಯುತ್ತದೆ. ಅದರ ಮೈಮೇಲಿನ ನೂರಾರು ಕೂದಲೆಳೆಯಂಥ ಸೀಳುಗಳು ನೀರಿನ ಪೊರೆಯನ್ನು ಹೀರಿ ಒರೆಸುತ್ತವೆ. ಟೈರಿನ ಪಕ್ಕದಲ್ಲಿ ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳೊಂದರ ಚಿಹ್ನೆಯಿದ್ದರೆ ಅದು ಹಿಮದ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆಯೆಂದು ಅರ್ಥ. ಎಂ ಪ್ಲಸ್ ಎಸ್ ಎಂಬ ಅಕ್ಷರಗಳೊಂದೇ ಇದ್ದರೆ ಆ ಭರವಸೆಯಿಲ್ಲ. ಬರಿಯ ಮಂಜುಗಡ್ಡೆಗೆ ಲೋಹದ ಮೊಳೆ ಹೊಡೆದ ಟೈರನ್ನು ಮೀರಿಸುವುದು ಮತ್ತಾವುದೂ ಇಲ್ಲ. ಆದರೆ ಅವು ಡಾಂಬರನ್ನು ಅರೆದು ಧೂಳೆಬ್ಬಿಸುವುದರಿಂದ ಜಪಾನು 1990ರಲ್ಲಿ ಕಾನೂನು ಮಾಡಿ ಅವನ್ನು ನಿಯಂತ್ರಿಸಿತು. ಸ್ವೀಡನ್ನಿನಲ್ಲಿ ಡಿಸೆಂಬರ್ ಮೊದಲ ತಾರೀಖಿನಿಂದ ಮಾರ್ಚ್ ಕೊನೆಯವರೆಗೆ, ರಸ್ತೆ ಹಿಮಮಯವಾಗಿದ್ದಲ್ಲಿ, ಚಳಿಗಾಲದ ಟೈರು ಕಡ್ಡಾಯ. ಅಲ್ಲಿಗೋ ಕೆನಡಕ್ಕೋ ಉದ್ಯೋಗಕ್ಕಾಗಿ ಹೋಗಿ ನೆಲೆಸುವ ನಮ್ಮ ತರುಣರು ಮೊದಲ ಚಳಿಗಾಲದಲ್ಲಿ ದುಬಾರಿಯಾದ ನಾಲ್ಕು ಗಾಲಿಗಳ ಕಾರಿಗಾಗಿ ಸಾಲ ಮಾಡುವುದಕ್ಕಿಂತ, ಇದ್ದ ಸಣ್ಣ ಮುಂಗಾಲಿಯ ಕಾರಿಗೆ ನಾಲ್ಕು ಒಳ್ಳೆಯ ಟೈರುಗಳನ್ನು ಕೊಳ್ಳುವುದೇ ಲೇಸು. ನಾಲ್ಕು ಎಂಬ ಮಾತನ್ನು ಒತ್ತಿ ಹೇಳುತ್ತೇನೆ. ಮುಂದಿನ ಎರಡಕ್ಕೆ ಮಾತ್ರ ಹಾಕಿಸಿದರೆ ಕಾರು ಹೊರಡುವುದೇನೋ ಸುಲಭವಾಗುತ್ತದೆ. ಬ್ರೇಕು ಹಿಡಿದಾಗ ಹಿಡಿತವಿಲ್ಲದ ಬಾಲ ಮುಂದಕ್ಕೆ ಬರುತ್ತದೆ.

ಟೈರಿನ ಪ್ರಭಾವ ಎಷ್ಟೆಂಬುದಕ್ಕೆ ಹಿಂದಿನ ಲೆಕ್ಕಕ್ಕೆ ಮರಳಿ ಒಂದು ಅಂಕಿಯನ್ನು ಸೇರಿಸಬಹುದು. ಬಿರುಸಾದ ಬೇಸಗೆಯ ಟೈರು ಹಿಮದಲ್ಲಿ 0.15 ಹಿಡಿತ ಕೊಡುತ್ತದೆ, ಚಳಿಗಾಲದ್ದು 0.3 ಕೊಡುತ್ತದೆ ಎಂದಿಟ್ಟುಕೊಂಡರೆ, ಮೊದಲನೆಯದನ್ನು ತೊಟ್ಟ ನಾಲ್ಕು ಗಾಲಿಗಳ ಕಾರು ಏರಬಲ್ಲದ್ದು 100ಕ್ಕೆ 15, ಎರಡನೆಯದನ್ನು ತೊಟ್ಟ ಮುಂಗಾಲಿಯ ಕಾರು ಏರಬಲ್ಲದ್ದು 17ರ ಸಮೀಪ. ನಿಲ್ಲುವುದರಲ್ಲಿಯಂತೂ ಎರಡನೆಯದು ಅರ್ಧ ದೂರದಲ್ಲಿ ನಿಲ್ಲುತ್ತದೆ.

ಮರಳಿನ ವಿಷಯದಲ್ಲಿ ರಾಲ್ಫ್ ಬ್ಯಾಗ್ನಾಲ್ಡನನ್ನು ನೆನೆಯದೆ ಮುಂದುವರಿಯುವುದು ಸಾಧ್ಯವಿಲ್ಲ. ಬ್ರಿಟಿಷ್ ಸೈನ್ಯದ ಈ ಎಂಜಿನಿಯರು 1920ರ ದಶಕದ ಕೊನೆಯಲ್ಲಿ ತನ್ನ ರಜೆಯ ದಿನಗಳನ್ನು ಲಿಬಿಯದ ಮರುಭೂಮಿಯಲ್ಲಿ ಕಳೆಯತೊಡಗಿದನು. ಮೊದಲು ಫೋರ್ಡ್ ಮಾಡೆಲ್ ಟಿ, ಬಳಿಕ ಮಾಡೆಲ್ ಎ, ಎರಡೂ ಹಿಂದಿನ ಗಾಲಿಗಳು ಮಾತ್ರ ನಡೆಯುವ ಸಾಧಾರಣ ಕಾರುಗಳು, ಅವನ ವಾಹನ. ಅದುವರೆಗೆ ಮೋಟಾರು ದಾಟಲಾರದೆಂದು ನಂಬಲಾಗಿದ್ದ ಮಹಾ ಮರಳುಸಮುದ್ರದ ದಿಬ್ಬಗಳನ್ನು ಅವನೂ ಅವನ ಸಂಗಡಿಗರೂ ದಾಟಿದರು. ಅವರ ಉಪಾಯಗಳು ಇಂದಿಗೂ ಹಳತಾಗಿಲ್ಲ. ಟೈರಿನ ಗಾಳಿಯನ್ನು ಇಳಿಸಿದರು; ಗಾಲಿ ಹೂತಾಗ ಅದರ ಮುಂದೆ ಉಕ್ಕಿನ ಉದ್ದನೆಯ ತಗಡುಗಳನ್ನು ಹಾಸಿದರು; ಕುದಿದು ಹೊರಬರುವ ರೇಡಿಯೇಟರಿನ ಆವಿಯನ್ನು ಒಂದು ಡಬ್ಬಿಗೆ ಹಾಯಿಸಿ ತಣಿಸಿ ನೀರನ್ನು ಮರಳಿ ಪಡೆದರು; ಅನಗತ್ಯವಾದ ಭಾರವನ್ನೆಲ್ಲ ಕಾರಿನಿಂದ ಕಿತ್ತುಹಾಕಿದರು. ಮರಳಿನ ವರ್ತನೆ ಅವನ ಮನಸ್ಸನ್ನು ಎಷ್ಟರಮಟ್ಟಿಗೆ ಆವರಿಸಿತೆಂದರೆ, ಊರಿಗೆ ಹಿಂದಿರುಗಿ ಗಾಳಿಯ ಸುರಂಗವನ್ನು ಕಟ್ಟಿ ಪ್ರಯೋಗಗಳನ್ನು ನಡೆಸಿ, ಗಾಳಿಗೆ ಚಲಿಸುವ ಮರಳಿನ ಭೌತಶಾಸ್ತ್ರವನ್ನು ಕುರಿತು 1941ರಲ್ಲಿ ಅವನು ಪ್ರಕಟಿಸಿದ ಗ್ರಂಥ ಆ ಶಾಸ್ತ್ರಕ್ಕೆ ಬುನಾದಿಯಾಯಿತು.

ಗಾಳಿಯನ್ನು ಇಳಿಸುವುದರ ಮರ್ಮವಿದು. ಗಾಲಿಯೊಂದರ ಮೇಲೆ 250 ಕಿಲೋ ಭಾರವಿದ್ದು, ಟೈರಿನಲ್ಲಿ ಚದರ ಸೆಂಟಿಮೀಟರಿಗೆ 2 ಕಿಲೋದಷ್ಟು, ಎಂದರೆ ಚದರ ಅಂಗುಲಕ್ಕೆ ಸುಮಾರು 28 ಪೌಂಡು, ಗಾಳಿಯಿದ್ದರೆ, ನೆಲವನ್ನು ಮುಟ್ಟುವ ರಬ್ಬರಿನ ವಿಸ್ತೀರ್ಣ ಸ್ಥೂಲವಾಗಿ 125 ಚದರ ಸೆಂಟಿಮೀಟರು, ಒಬ್ಬನ ಅಂಗೈಯಷ್ಟು ಮಾತ್ರ. ಗಾಳಿಯನ್ನು ಅರ್ಧಕ್ಕೆ ಇಳಿಸಿದರೆ ಈ ವಿಸ್ತೀರ್ಣ ದ್ವಿಗುಣವಾಗಿ, ಮರಳಿನ ಮೇಲಿನ ಒತ್ತಡ ಅರ್ಧವಾಗುತ್ತದೆ. ಗಾಲಿ ಹೂಳದೆ ಮೇಲುಮೇಲೆ ಸಾಗುತ್ತದೆ. ತನ್ನ ಮುಂದಿನ ಮರಳಿನ ದಿಣ್ಣೆಯನ್ನು ತಾನೇ ಹತ್ತುವ ಶ್ರಮ ಇಲ್ಲವಾಗುತ್ತದೆ. ಗಟ್ಟಿ ನೆಲಕ್ಕೆ ಬಂದೊಡನೆ ಪುನಃ ಗಾಳಿ ತುಂಬಿಸದೆ ವೇಗವಾಗಿ ಓಡಿಸಿದರೆ ಟೈರು ಕಾದು ಹರಿಯುವುದರಿಂದ, ಗಾಳಿ ತುಂಬುವ ಪಂಪು ಮರಳಿಗೆ ಹೋಗುವವನ ಕೈಯಲ್ಲಿರಲೇಬೇಕು.

ಬ್ಯಾಗ್ನಾಲ್ಡನು 1940ರಲ್ಲಿ ಕೈರೋದಲ್ಲಿ ಸ್ಥಾಪಿಸಿದ, ಶತ್ರುವಿನ ಬೆನ್ನ ಹಿಂದೆ ನೂರಾರು ಮೈಲಿ ಮರುಭೂಮಿಯಲ್ಲಿ ಸಂಚರಿಸುವ ಸೈನ್ಯದಳದ ಚರಿತ್ರೆಯಲ್ಲಿ ನಮ್ಮ ವಿಷಯಕ್ಕೆ ಸಾಕ್ಷಿಯೊಂದು ಸಿಗುತ್ತದೆ. ಆ ದಳ ಮೊದಲು ಎರಡು ಗಾಲಿಗಳ ಚಾಲನೆಯ ಶೆವರ್ಲೆ ಲಾರಿಗಳನ್ನು ಬಳಸಿತು. 1941ರಲ್ಲಿ ನಾಲ್ಕು ಗಾಲಿಗಳು ನಡೆಯುವ ಫೋರ್ಡ್ ಲಾರಿಗಳು ದೊರೆತವು. ಅವು ಭಾರವೂ ಪೆಟ್ರೋಲಿನ ದಾಹವುಳ್ಳವೂ ಆಗಿದ್ದುದರಿಂದ 1942ರಲ್ಲಿ ದಳ ಮತ್ತೆ ಎರಡು ಗಾಲಿಗಳ ಶೆವರ್ಲೆಗಳಿಗೇ ಮರಳಿತು. ಪೆಟ್ರೋಲನ್ನೂ ನೀರನ್ನೂ ಆಹಾರವನ್ನೂ ಬೆನ್ನ ಮೇಲೆಯೇ ಹೊತ್ತು ವಾರಗಟ್ಟಲೆ ತಿರುಗಬೇಕಾದವರಿಗೆ, ಅಧಿಕ ಯಂತ್ರಾಂಗಗಳ ಭಾರವನ್ನು ಹೊರುವುದಕ್ಕಾಗಿಯೇ ಅಧಿಕ ಪೆಟ್ರೋಲನ್ನು ಹೊರುವುದು ನಷ್ಟದ ವ್ಯವಹಾರವೆನಿಸಿತು. ಮೃದುವಾದ ನೆಲದಲ್ಲಿ ಹಗುರತನವೇ ಅರ್ಧ ಸಾಮರ್ಥ್ಯ.

ಹಿಮ, ಮರಳು, ಕೆಸರು ಈ ಮೂರರಲ್ಲಿ ಕೆಸರೇ ಅತ್ಯಂತ ಕ್ರೂರವಾದುದು. ಅದರ ವಿಚಾರ ಹೇಳಲು ಹೊರನಾಡಿಗೆ ಹೋಗಬೇಕಾಗಿಲ್ಲ. ಗದಗ, ವಿಜಯಪುರದ ಕಡೆಯ ಎರೆಭೂಮಿಯಲ್ಲಿ ನೀರನ್ನು ಹೀರಿ ಉಬ್ಬುವ ಜೇಡಿಯ ಖನಿಜಗಳು ಹೇರಳವಾಗಿವೆ. ಒಂದು ಮಳೆ ಬಿದ್ದರೆ ಸಾಕು, ಆ ಕರಿಮಣ್ಣು ಟೈರಿನ ಗೀರುಗಳನ್ನು ತುಂಬಿ, ಗಾಲಿಯನ್ನು ನುಣ್ಣನೆಯ ಮಣ್ಣಿನ ಉಂಡೆಯಾಗಿಸಿ, ಮಡ್‌ಗಾರ್ಡಿನ ಒಳಗೆಲ್ಲ ಮೆತ್ತಿಕೊಂಡು ಗಾಲಿ ತಿರುಗದಂತೆಯೇ ಮಾಡುತ್ತದೆ. ಇಲ್ಲಿ ಬೇಕಾದುದು ಮಣ್ಣನ್ನು ಹಿಡಿದಿಡದೆ ಎಸೆಯುವ, ಅಗಲವಾದ ಗೀರುಗಳ ಟೈರು, ಮತ್ತು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಧಾರಾಳವಾದ ಸ್ಥಳ. ಇಷ್ಟಿದ್ದರೂ ಹಸಿ ಎರೆಯ ಮೇಲೆ ಎರಡು ಗಾಲಿಗಳ ಕಾರನ್ನು ಇಳಿಸದಿರುವುದೇ ಬುದ್ಧಿವಂತಿಕೆ. ಒಂದೆರಡು ಬಿಸಿಲು ಬಿದ್ದರೆ ಅದೇ ಹಾದಿ ಗಟ್ಟಿಯಾಗುತ್ತದೆ. ಮಲೆನಾಡಿನ ಕೆಂಪು ಜಂಬಿಟ್ಟಿಗೆಯ ನೆಲ ಇಷ್ಟು ನಿರ್ದಯಿಯಲ್ಲ: ಮೇಲಿನ ಒಂದಂಗುಲ ಮಾತ್ರ ಪಾಚಿಗಟ್ಟಿ ಜಾರುತ್ತದೆ, ಅದರ ಕೆಳಗೆ ಕಲ್ಲು ಸಿಗುತ್ತದೆ. ಸಪುರ ಟೈರು ಆ ಮೇಲ್ಪದರವನ್ನು ಕತ್ತರಿಸಿ ಕೆಳಗಿನ ಗಟ್ಟಿಯನ್ನು ಹಿಡಿಯುವುದರಿಂದ, 145 ಮಿಲಿಮೀಟರು ಅಗಲದ ಟೈರು ತೊಟ್ಟ ಹಳೆಯ ಮಾರುತಿ 800 ತೋಟದ ದಾರಿಗಳಲ್ಲಿ ತನ್ನ ಆಕಾರಕ್ಕೆ ಮೀರಿದ ಸಾಹಸಗಳನ್ನು ಮಾಡಿದೆ. ಜೀಪಿನ ಆಕಾರವುಳ್ಳವೆಲ್ಲ ನಾಲ್ಕು ಗಾಲಿಗಳಿಂದ ನಡೆಯುತ್ತವೆಂಬ ಭ್ರಮೆಯೂ ಬೇಡ. ನಮ್ಮ ಹಳ್ಳಿಗಳಲ್ಲಿ ಜನರನ್ನು ಹೇರಿಕೊಂಡು ಓಡಾಡುತ್ತಿದ್ದ ಜೀಪುಗಳಲ್ಲಿ ಅನೇಕವು ಹಿಂದಿನ ಎರಡು ಗಾಲಿಗಳವೇ.

ಎರಡು ಗಾಲಿಗಳ ಕಾರು ಕೆಲವು ವೇಳೆ ಒಂದೇ ಗಾಲಿಯ ಕಾರಾಗುವ ಸಂದರ್ಭವೂ ಇದೆ. ತಿರುವಿನಲ್ಲಿ ಹೊರಗಡೆಯ ಗಾಲಿ ಒಳಗಡೆಯದಕ್ಕಿಂತ ಹೆಚ್ಚು ದೂರ ಹೋಗಬೇಕಾದುದರಿಂದ ಅವೆರಡಕ್ಕೂ ಬೇರೆಬೇರೆ ವೇಗವನ್ನು ಅನುಮತಿಸುವ ಡಿಫರೆನ್ಷಿಯಲ್ ಎಂಬ ಗೇರುಪೆಟ್ಟಿಗೆಯನ್ನು ಇಡುತ್ತಾರಷ್ಟೆ. ಅದರ ಸ್ವಭಾವವೇನೆಂದರೆ, ಎರಡು ಗಾಲಿಗಳಿಗೂ ಯಾವಾಗಲೂ ಸಮಾನವಾದ ತಿರುಚುಬಲವನ್ನು ಹಂಚುವುದು. ಎಡಗಾಲಿ ಮಂಜುಗಡ್ಡೆಯ ಮೇಲೆ ನಿಂತು 30 ಕಿಲೋ ಮಾತ್ರ ತಳ್ಳಬಲ್ಲದಾದರೆ, ಗಟ್ಟಿ ನೆಲದ ಮೇಲಿರುವ ಬಲಗಾಲಿ ಇನ್ನೂರು ಕಿಲೋ ತಳ್ಳಬಲ್ಲದಾದರೂ ಅದಕ್ಕೆ ದೊರೆಯುವುದು ಆ 30 ಮಾತ್ರ. ಇದಕ್ಕೆ ಪ್ರತೀಕಾರ, ಜಾರುವ ಗಾಲಿಯನ್ನು ತಡೆಯುವುದು. ಹಳೆಯ ಹಿಂಗಾಲಿಯ ಕಾರುಗಳಲ್ಲಿ ಅನುಭವಿಗಳು ಹ್ಯಾಂಡ್‌ಬ್ರೇಕನ್ನು ಅರ್ಧ ಎಳೆದು ಈ ಕಾರ್ಯವನ್ನು ಸಾಧಿಸುತ್ತಿದ್ದರು. ಇಂದಿನ ಕಾರುಗಳಲ್ಲಿ ಜಾರುವ ಗಾಲಿಗೆ ಮಾತ್ರ ಬ್ರೇಕು ಹಾಕುವ ವಿದ್ಯುನ್ಮಾನ ವ್ಯವಸ್ಥೆಯಿದೆ. ಪ್ಯೂಜೋ ಸಂಸ್ಥೆ ತನ್ನ 3008 ಕಾರಿನಲ್ಲಿ ಹಿಮ, ಕೆಸರು, ಮರಳುಗಳಿಗೆ ಬೇರೆಬೇರೆಯಾಗಿ ಹೊಂದಿಸಬಹುದಾದ ಇಂಥ ಏರ್ಪಾಡನ್ನು ಮುಂಗಾಲಿಯ ಚಾಲನೆಗೇ ಅಳವಡಿಸಿತು. ಇದನ್ನು ಕೊಳ್ಳುವ ಮೊದಲು ಎರಡು ಸಂಗತಿಗಳನ್ನು ವಿಚಾರಿಸಬೇಕು. ಕೆಲವು ಕಾರುಗಳಲ್ಲಿ ಈ ವ್ಯವಸ್ಥೆ ಬ್ರೇಕು ಹಾಕುವುದರ ಜೊತೆಗೆ ಎಂಜಿನ್ನಿನ ಬಲವನ್ನೂ ಕಡಿದುಬಿಡುವುದರಿಂದ, ಆಳವಾದ ಮರಳಿನಲ್ಲೋ ಹಿಮದಲ್ಲೋ ಕಾರು ಉಸಿರುಗಟ್ಟಿ ನಿಲ್ಲುತ್ತದೆ. ಅದನ್ನು ನಿಲ್ಲಿಸುವ ಗುಂಡಿಯೊಂದು ಇದೆಯೇ? ಮತ್ತು ಬ್ರೇಕು ಕಾಯುವಷ್ಟು ಹೊತ್ತು ಬಳಸಬೇಕಾದಾಗ ಅದು ಎಷ್ಟು ಸಮಯ ತಾಳುತ್ತದೆ?

ಈ ಎಲ್ಲ ಗುಣಗಳನ್ನು ಎರಡು ಗಾಲಿಗಳ ಒಂದೇ ವಾಹನದಲ್ಲಿ ಕೂಡಿಸಿದ ನಿದರ್ಶನವೆಂದರೆ 1940ರಿಂದ ಜರ್ಮನಿಯಲ್ಲಿ ತಯಾರಾದ ಕ್ಯೂಬಲ್‌ವಾಗೆನ್. ಅದು ಹುಟ್ಟಿದ ಉದ್ದೇಶ ಹೇಯವಾದ ಯುದ್ಧ. ಯಂತ್ರದ ಕಲ್ಪನೆ ಮಾತ್ರ ಅಧ್ಯಯನಯೋಗ್ಯ. ಬೀಟಲ್ ಕಾರಿನ ಅಂಗಾಂಗಗಳಿಂದಲೇ ರಚಿತವಾದ ಅದರ ತೂಕ ಸುಮಾರು 725 ಕಿಲೋ, ಎಂಜಿನ್ನು ಹಿಂದೆ, ಹೊಟ್ಟೆ ನುಣುಪು, ಗಾಲಿಯ ಬುಡದಲ್ಲಿ ಪ್ರತ್ಯೇಕ ಗೇರುಗಳನ್ನಿಟ್ಟು ಅಚ್ಚನ್ನು ಮೇಲಕ್ಕೆತ್ತಿದ್ದುದರಿಂದ ನೆಲದಿಂದ 290 ಮಿಲಿಮೀಟರು ಎತ್ತರ, ಅದೇ ಗೇರುಗಳ ದೆಸೆಯಿಂದ ಪಕ್ಕದಲ್ಲಿ ನಡೆಯುವ ಸೈನಿಕನ ನಡಿಗೆಯ ವೇಗದಲ್ಲಿ, ಗಂಟೆಗೆ 4 ಕಿಲೋಮೀಟರಿನಂತೆ, ಸಾಗುವ ಶಕ್ತಿ, ಜಾರುವ ಗಾಲಿಯನ್ನು ತಾನೇ ಹಿಡಿಯುವ ಡಿಫರೆನ್ಷಿಯಲ್. ಇಂದಿನ ಕೊಳ್ಳುವವನೂ ಇದೇ ಗುಣಗಳನ್ನು ಅರಸಬೇಕು. ಜನ ಸಾಮಾನ್ಯವಾಗಿ ವಿಚಾರಿಸುವ ಗ್ರೌಂಡ್ ಕ್ಲಿಯರೆನ್ಸ್ ಅಗತ್ಯವೇ, ಆದರೆ ಅದರಷ್ಟೇ ಮುಖ್ಯವಾದುದು ಮೂತಿ ಮತ್ತು ಬಾಲ ಗಾಲಿಗಳಿಂದ ಎಷ್ಟು ಹೊರಚಾಚಿವೆಯೆಂಬುದು. ಬಹುಜನ ಕೇಳದೆಯೇ ಬಿಡುವುದು ಮೊದಲನೆಯ ಗೇರಿನ ನಿಧಾನ: ಎರಡು ಗಾಲಿಗಳ ಕಾರುಗಳಲ್ಲಿ ಇಳಿಗೇರಿನ ಪ್ರತ್ಯೇಕ ಪೆಟ್ಟಿಗೆ ಸಾಮಾನ್ಯವಾಗಿ ಇರುವುದಿಲ್ಲವಾದುದರಿಂದ, ಮೊದಲ ಗೇರು ವೇಗದ್ದಾಗಿದ್ದರೆ ಕಲ್ಲಿನ ಏರಿನಲ್ಲಿ ಕ್ಲಚ್ಚು ಸುಟ್ಟ ವಾಸನೆ ಬರುವುದು ಖಂಡಿತ. ಅಗಲವಾದ ರಿಮ್ಮು, ತೆಳುವಾದ ಟೈರು ಇವು ನೋಟಕ್ಕೆ ಚೆಂದ. ಗಾಳಿಯಿಳಿಸಲು ಗೋಡೆಯೇ ಇಲ್ಲದ ಇಂಥ ಟೈರು ಮರಳಿಗೂ ಬೇಡ, ಕಲ್ಲಿಗೂ ಬೇಡ. ಒಂದೇ ಕಾರಿನ ಹಲವು ಮಾದರಿಗಳಲ್ಲಿ ಅಗ್ಗದ ಮಾದರಿಗೆ ಹಾಕುವ ಸಣ್ಣ ರಿಮ್ಮಿನ ದಪ್ಪ ಟೈರೇ ಈ ಕೆಲಸಕ್ಕೆ ಉತ್ತಮ.

ಇಷ್ಟೆಲ್ಲ ನೋಡಿ ಆರಿಸಿದ ಮುಂಗಾಲಿಯ ಕಾರೂ ಹಿಮದ ಏರಿನಲ್ಲಿ ಸೋಲುವ ಘಳಿಗೆ ಬಂದೀತು. ಆಗ ಅದನ್ನು ತಿರುಗಿಸಿ ರಿವರ್ಸ್ ಗೇರಿನಲ್ಲಿ ಹತ್ತಿಸುವುದೊಂದು ಹಳೆಯ ಉಪಾಯ. ಚಾಲಕ ಗಾಲಿಗಳು ಇಳಿಜಾರಿನ ಕೆಳಬದಿಗೆ ಬಂದು, ಹಿಂದಕ್ಕೆ ಸರಿಯುತ್ತಿದ್ದ ಭಾರ ಈಗ ಅವುಗಳ ಮೇಲೆಯೇ ಬೀಳುತ್ತದೆ. ನಮ್ಮ ಲೆಕ್ಕದ ಕಾರಿಗೆ ಇದರಿಂದ 100ಕ್ಕೆ 14ರ ಬದಲು 16 ದೊರೆಯುತ್ತದೆ. ಸಣ್ಣ ದೂರಕ್ಕೆ, ಹಿಂದೆ ಮುಂದೆ ವಾಹನಗಳಿಲ್ಲದ ದಾರಿಯಲ್ಲಿ ಮಾತ್ರ ಇದು ಸಾಧು. ಅದಕ್ಕೂ ಮೀರಿದಲ್ಲಿ ಸರಪಳಿಯೇ ಗತಿ. ಜಾರುವ ದಾರಿಯಲ್ಲಿ ಚಾಲಕರು ಗಾಲಿಗಳಿಗೆ ಹಗ್ಗವನ್ನೂ ಬಳ್ಳಿಯನ್ನೂ ಸುತ್ತಿಕೊಳ್ಳುತ್ತಿದ್ದುದನ್ನು ಕಂಡು ನ್ಯೂಯಾರ್ಕ್ ಪ್ರಾಂತದ ಹ್ಯಾರಿ ವೀಡ್ 1904ರಲ್ಲಿ ಪೇಟೆಂಟ್ ಪಡೆದ ಸಾಧನವಿದು. ಹಿಮದ ದಿನಗಳಲ್ಲಿ ಮನಾಲಿಯಿಂದ ಅಟಲ್ ಸುರಂಗದ ಕಡೆಗೆ ಹೋಗುವ ದಾರಿಯಲ್ಲಿ ಸರಪಳಿಯಿಲ್ಲದ ಎರಡು ಗಾಲಿಗಳ ಕಾರುಗಳನ್ನು ಪೊಲೀಸರು ತಡೆಯುವುದುಂಟು. ಅದನ್ನು ತೊಡಿಸಬೇಕಾದುದು ಚಾಲಕ ಗಾಲಿಗಳಿಗೆ, ಎಂದರೆ ಮುಂಗಾಲಿಯ ಕಾರಿನಲ್ಲಿ ಮುಂದಿನ ಎರಡಕ್ಕೆ. ಕೊಂಡ ದಿನವೇ ಮನೆಯಂಗಳದಲ್ಲಿ ಒಮ್ಮೆ ತೊಡಿಸಿ ಬಿಚ್ಚಿ ಅಭ್ಯಾಸ ಮಾಡಿಕೊಂಡಿರಬೇಕು, ಏಕೆಂದರೆ ಬೆರಳು ಮರಗಟ್ಟುವ ಚಳಿಯಲ್ಲಿ ಆ ಕೊಂಡಿಗಳು ಮೊದಲ ಪ್ರಯತ್ನಕ್ಕೆ ಸೇರುವುದಿಲ್ಲ. ಹತ್ತುವುದಕ್ಕೆ ಒಂದು ಜೊತೆ ಸಾಕು. ಇಳಿಯುವಾಗ ಮಾತ್ರ, ಮುಂದೆ ಸರಪಳಿಯ ಹಿಡಿತವಿದ್ದು ಹಿಂದೆ ಬರಿಯ ರಬ್ಬರಿರುವ ಕಾರಿನ ಬಾಲ ತಿರುವಿನಲ್ಲಿ ಕಣಿವೆಯ ಕಡೆಗೆ ಜಾರಲು ಹವಣಿಸುವುದರಿಂದ, ಗಂಟೆಗೆ 20 ಕಿಲೋಮೀಟರನ್ನು ಮೀರದೆ, ಮೊದಲನೆಯ ಗೇರಿನಲ್ಲಿಯೇ, ಬ್ರೇಕನ್ನು ತಿರುವಿಗೆ ಮುಂಚೆಯೇ ನೇರದಾರಿಯಲ್ಲಿ ಹಿಡಿದು ಬಿಟ್ಟು ಇಳಿಯಬೇಕು. ದಾರಿ ಉದ್ದವೂ ಕಡಿದೂ ಆಗಿದ್ದರೆ ಹಿಂದಿನ ಗಾಲಿಗಳಿಗೂ ಎರಡನೆಯ ಜೊತೆಯನ್ನು ತೊಡಿಸಿಯೇ ಹೊರಡಬೇಕು.